ನನ್ನ ಭಾವ ಕಚ್ಚಿದ ಹುಟ್ಟುಗೋಲು

ನನ್ನ ಭಾವನ ಹಲ್ಲು ಚೆನ್ನಾಗಿವೆ. ಗಟ್ಟಿಯಾಗಿವೆ, ಸಾಲಾಗಿವೆ, ಒಂದರ ಪಕ್ಕ ಒಂದು ಜಗಳವಿಲ್ಲದೆ ಕೂತಿವೆ. ನಮ್ಮೂರಿನಲ್ಲಿ ಒಬ್ಬ ಗಂಡಸಿನ ಮೇಲೆ ಹೊಟ್ಟೆ ಉರಿಯಲು ಅಷ್ಟು ಸಾಕು.

ನಮ್ಮೂರಿನ ಕಡಲಿನ ತಳ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ. ನಿನ್ನೆ ಮರಳಿದ್ದಲ್ಲಿ ಇವತ್ತು ಬಂಡೆ ಎದ್ದಿರುತ್ತದೆ, ಬಂಡೆ ಇದ್ದಲ್ಲಿ ಕೆಸರು ತುಂಬಿರುತ್ತದೆ. ಯಾಕೆ ಅಂತ ಕೇಳುವವರು ಪರವೂರಿನವರು. ನಮಗೆ ಬೇಕಾಗಿರುವುದು ಇವತ್ತು ಎಲ್ಲಿ ಏನಿದೆ ಅನ್ನುವುದಷ್ಟೇ. ಅದನ್ನು ತಿಳಿಯದೆ ಬಲೆ ಬಿಟ್ಟರೆ ಬಲೆ ಹರಿಯುತ್ತದೆ, ದೋಣಿ ಬಿಟ್ಟರೆ ದೋಣಿ ಒಡೆಯುತ್ತದೆ. ಬಂಡೆಯನ್ನು ಮರಳು ಅಂದುಕೊಂಡ ಒಂದು ದಿನ ನನ್ನ ಚಿಕ್ಕಪ್ಪನ ದೋಣಿ ಸೌತೆಕಾಯಿಯ ಹಾಗೆ ಎರಡು ಸೀಳಾಯಿತು. ದೋಣಿಯ ಹಲಗೆ ಸಿಕ್ಕಿತು. ಚಿಕ್ಕಪ್ಪ ಸಿಕ್ಕಲಿಲ್ಲ.

ಹಾಗಾಗಿ ದಿನಾ ಬೆಳಗಾದ ಕೂಡಲೆ ಒಬ್ಬ ದೋಣಿಯಲ್ಲಿ ಹೋಗಿ ತಳವನ್ನು ಕೇಳಿಕೊಂಡು ಬರಬೇಕು. ಅವನು ಬರುವ ತನಕ ಊರು ಉಸಿರೆತ್ತುವಂತಿಲ್ಲ. ಒನಕೆ ಎತ್ತುವಂತಿಲ್ಲ, ಗಂಟೆ ಬಾರಿಸುವಂತಿಲ್ಲ, ಕೆಮ್ಮು ಬಂದರೆ ದಿಂಬಿಗೆ ಮುಖ ಒತ್ತಬೇಕು. ಕೂಸು ಅಳುವ ಮೊದಲೇ ಮೊಲೆ ಬಾಯಲ್ಲಿರಬೇಕು. ನಮ್ಮೂರಲ್ಲಿ ಕೋಳಿ ಅಂದರೆ ಹೇಂಟೆ ಮಾತ್ರ, ಹುಂಜ ಸಾಕುವಂತಿಲ್ಲ. ಮರಿ ಬೇಕಾದರೆ ಗುಡ್ಡ ದಾಟಿ ಪಕ್ಕದೂರಿಗೆ ಹೋಗಬೇಕು. ಕೇಳುವವನು ಕೆಲಸ ಮುಗಿಸಿ ದೋಣಿಯಲ್ಲಿ ಬಿಳಿ ಬಟ್ಟೆ ಎತ್ತಿದ ಅಂದರೆ ಇಡೀ ಊರು ಒಮ್ಮೆಲೆ ಬಾಯಿ ಬಿಡುತ್ತದೆ. ಎದ್ದಾಗಿನಿಂದ ಬೈಗುಳವನ್ನು ಕೆನ್ನೆಯೊಳಗೆ ಇಟ್ಟುಕೊಂಡು ಕೂತ ಹೆಂಗಸರು ಗಂಡಂದಿರ ಮೇಲೆ ಹಾರುತ್ತಾರೆ. ಒನಕೆಗಳು, ನಾಯಿಗಳು, ಶಾಲೆಯ ಮಕ್ಕಳು, ಎಲ್ಲ ಒಟ್ಟಿಗೆ. ಆ ಗದ್ದಲದಲ್ಲಿಯೇ ಅವನು ದಡಕ್ಕೆ ಬಂದು ತಳ ಹೇಳುತ್ತಾನೆ, ದೋಣಿಗಳು ನೀರಿಗೆ ಇಳಿಯುತ್ತವೆ.

ಒಮ್ಮೆ ಹೊರಗಿನವರು ಒಂದು ಯಂತ್ರ ತಂದಿದ್ದರು. ಅದು ನೀರಿನೊಳಗೆ ಟಣ್ ಅಂತ ಸದ್ದು ಎಸೆದು, ತಿರುಗಿ ಬಂದದ್ದನ್ನು ಹಿಡಿದು ಆಳ ಹೇಳುತ್ತದಂತೆ. ಎಸೆದರು. ತಳ ಬೆದರಿದ ದನದ ಹಾಗೆ ಹಗಲು ಹೊತ್ತಿನಲ್ಲೇ ಮಗ್ಗುಲು ಬದಲಿಸಿತು. ಯಂತ್ರ ಹೇಳಿದ್ದು ಹೇಳುವಷ್ಟರಲ್ಲಿ ಸುಳ್ಳಾಗಿತ್ತು. ನಮ್ಮ ಕಡಲಿಗೆ ಸದ್ದು ಹಾಕಬಾರದು. ಅದು ತಾನಾಗಿ ಆಡುತ್ತಿರುವುದನ್ನು ಮಾತ್ರ ಕೇಳಬೇಕು. ಬಟ್ಟೆ ಏಳುವ ಮೊದಲು ಯಾರಾದರೂ ಸದ್ದು ಹಾಕಿದರೋ, ತಳ ಕದಲುತ್ತದೆ, ಆ ದಿನ ಯಾರೂ ಕಡಲಿಗೆ ಇಳಿಯುವುದಿಲ್ಲ. ಬಟ್ಟೆ ಎದ್ದ ಮೇಲಿನ ದಡದ ಗದ್ದಲಕ್ಕೆ ಮಾತ್ರ ಅದು ಜಗ್ಗುವುದಿಲ್ಲ.

ಕೇಳುವುದು ಕಿವಿಯಿಂದಲ್ಲ, ಹಲ್ಲಿನಿಂದ. ಹುಟ್ಟುಗೋಲಿನ ಅಗಲದ ಕಡೆ ನೀರಿನಲ್ಲಿ, ಹಿಡಿಯ ಕಡೆ ದವಡೆಯಲ್ಲಿ. ನನ್ನ ಅಪ್ಪ ಬೊಮ್ಮಯ್ಯ ಅದನ್ನೇ ಮಾಡುತ್ತಿದ್ದ, ಅವನ ಅಪ್ಪನೂ ಅದನ್ನೇ. ಆ ಹುಟ್ಟುಗೋಲಿನ ತುದಿಯಲ್ಲಿ ಅಜ್ಜನ ಹಲ್ಲಿನ ಗುರುತಿದೆ, ಅದರ ಕೆಳಗೆ ಅಪ್ಪನದು. ಅದರ ಕೆಳಗಿನ ಜಾಗ ನನ್ನದು ಅಂತ ನಾನು ನಡೆಯಲು ಕಲಿತ ದಿನದಿಂದ ನೋಡಿಕೊಂಡು ಬಂದಿದ್ದೆ. ಅದಕ್ಕಾಗಿಯೇ ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟೆ. ಮಾಸ್ತರರು ಬೇಡ ಅನ್ನಲಿಲ್ಲ. "ಅಪ್ಪನ ಕೆಲಸಕ್ಕೆ ಹೋಗ್ತಿಯಲ್ವನಾ, ಹೋಗು" ಅಂದರು.

ಅಪ್ಪ ಕಲಿಸಿದ. "ಕಡಲು ಯಾವತ್ತೂ ಸುಮ್ಮನಿರೂದಿಲ್ಲ ಮಗಾ. ಮೇಲೆ ಅಲೆ ಒಡೀತದೆ. ಆ ಸದ್ದು ಕೆಳಗೆ ಇಳೀತದೆ, ತಳಕ್ಕೆ ತಾಗಿ ಮೇಲೆ ಬರ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ನಡುವೆ ಒಂದು ಸಂದು ಇರ್ತದೆ ನೋಡು, ಅದೇ ಆಳ. ಕೆಸರಾದ್ರೆ ಸದ್ದನ್ನ ನುಂಗಿ ಕೂತ್ಕೊಳ್ತದೆ, ಹಿಂದೆ ಕೊಡೂದಿಲ್ಲ. ಮರಳಾದ್ರೆ ಮೊರದಲ್ಲಿ ಅಕ್ಕಿ ಕೇರಿದ ಹಾಗೆ. ಬಂಡೆಯಾದ್ರೆ ಸಂದುಗೊಂದಿನಲ್ಲಿ ಸಣ್ಣ ಸಿಗಡಿಗಳಿರ್ತವೆ, ಚಟಪಟ ಚಟಪಟ ಅಂತವೆ, ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ."

ಕಲಿಯಲು ಕೊಟ್ಟ ಬೇರೊಂದು ಹುಟ್ಟುಗೋಲನ್ನು ನಾನು ಕಚ್ಚಿದೆ. ಕೇಳಿದೆ. ದಡಕ್ಕೆ ಬಂದ ಮೇಲೆ ಅಪ್ಪ ಕೇಳಿದ, "ಎಂತ ಕೇಳ್ತು?"

"ಜಲ್ಲಿ" ಅಂದೆ.

ಮರುದಿನವೂ ಜಲ್ಲಿ. ಮಳೆಗಾಲ ಹೋಗಿ ಬೇಸಿಗೆ ಬಂತು, ಜಲ್ಲಿಯೇ. ಅಪ್ಪ ನನ್ನ ಗಲ್ಲ ಹಿಡಿದು ನೋಡಿದ. "ನಮ್ಮ ಕಡಲಲ್ಲಿ ಜಲ್ಲಿಯೇ ಇಲ್ಲ ಮಗಾ. ಅದು ನಿನ್ನ ಹಲ್ಲು. ನೀನು ಯಾವಾಗ ನೋಡಿದ್ರೂ ಹಲ್ಲು ಕಡೀತಿರ್ತೆ. ಯಾರ ಮೇಲೆ ಅಷ್ಟು ಸಿಟ್ಟು?"

ಯಾರ ಮೇಲೆ ಅಂತ ಹೇಳಲಿ? ಆಗ ಇನ್ನೂ ಭಾವ ಬಂದಿರಲಿಲ್ಲ. ಹೊಸ ದೋಣಿಯವರ ಮೇಲೆ, ಪರೀಕ್ಷೆ ಪಾಸಾದವರ ಮೇಲೆ, ನನಗಿಂತ ಉದ್ದ ಇದ್ದವರ ಮೇಲೆ. ಸಿಟ್ಟು ಮೊದಲಿಂದ ಇತ್ತು. ಭಾವ ಬಂದದ್ದರಿಂದ ಅದಕ್ಕೊಂದು ವಿಳಾಸ ಸಿಕ್ಕಿತು, ಅಷ್ಟೇ.

ಭಾವನ ಹೆಸರು ಯಮನೂರ. ಬಯಲುಸೀಮೆಯವನು, ಒಣಮೆಣಸಿನಕಾಯಿ ಚೀಲ ಹೊತ್ತು ಒಣಮೀನು ಕೊಳ್ಳಲು ಬಂದವನು. ಅಕ್ಕ ಮಾದೇವಿಗೆ ಅವನಲ್ಲಿ ಏನು ಕಂಡಿತೋ, ಮದುವೆಯಾಗಿ ನಮ್ಮನೆಯಲ್ಲೇ ಉಳಿದ. ಅರ್ಧ ಕಿವುಡ. ಎಡಗಿವಿ ಪೂರ್ತಿ ಇಲ್ಲ, ಬಲಗಿವಿಗೆ ಬಾಯಿ ಇಟ್ಟು ಕೂಗಬೇಕು. ತಾನು ಎಷ್ಟು ಜೋರಾಗಿ ಮಾತಾಡುತ್ತೇನೆ ಅನ್ನುವುದು ಅವನಿಗೆ ಗೊತ್ತೇ ಆಗುವುದಿಲ್ಲ. ಮದುವೆಯ ಮರುದಿನ ಬೆಳಗ್ಗೆ ಊರು ಕಲ್ಲಿನ ಹಾಗೆ ಕೂತಿದ್ದಾಗ ನಮ್ಮ ಜಗಲಿಯಿಂದ ಒಂದು ಧ್ವನಿ ಎದ್ದಿತು: "ಮಾದೇವೀ! ಚಾ ಆತೇನ?"

ಎದುರುಮನೆಯ ಅಜ್ಜಿಯ ಕೈಯಿಂದ ಚೊಂಬು ಬಿತ್ತು. ನಾಯಿಗಳು ಎದ್ದವು. ಆ ದಿನ ಊರಿಗೆ ಮೀನಿಲ್ಲ. ಅಕ್ಕ ಅವನಿಗೆ ಕೈಸನ್ನೆಯಲ್ಲಿ, ಕಣ್ಣಿನಲ್ಲಿ, ಕಡೆಗೆ ಚಿವುಟಿ ಕೂಡ ಹೇಳಿಕೊಟ್ಟಳು. ಅವನು ತಲೆ ಆಡಿಸಿ, ಅರ್ಥವಾಯಿತು ಅಂತ ತಿಳಿಸಲು, "ಹೂಂ, ತಿಳೀತ ಬಿಡು!" ಅಂತ ಕೂಗಿದ. ಮತ್ತೊಂದು ದಿನ ಹೋಯಿತು.

ಊರೆಲ್ಲ ಸೇರಿ ದಡಕ್ಕೆ ಎಳೆಯುವ ದೊಡ್ಡ ರಂಪಣಿ ಬಲೆಯ ಯಜಮಾನ ಹೊನ್ನಪ್ಪಣ್ಣ ನಮ್ಮ ಅಂಗಳಕ್ಕೆ ಬಂದ. "ಬೊಮ್ಮಯ್ಯ, ನಿನ್ನ ಅಳಿಯನನ್ನ ಗುಡ್ಡದ ಆಚೆ ಕಟ್ಟಿಹಾಕ್ತ್ಯೋ, ನಾವೇ ಕಟ್ಟಬೇಕೋ?"

ಅಪ್ಪ ಯೋಚನೆ ಮಾಡಿ, "ನಾನೇ ದೋಣಿಗೆ ಕರ್ಕೊಂಡು ಹೋಗ್ತೆ. ನನ್ನ ಕಣ್ಣೆದುರು ಇರ್ತ" ಅಂದ. ದೋಣಿಯಲ್ಲಿ ಅವನು ಬಾಯಿ ತೆರೆಯುವ ಮೊದಲೇ ನೀರಿಗೆ ಇಳಿಬಿಟ್ಟಿದ್ದ ಒಂದು ಹಳೆಯ ಹುಟ್ಟುಗೋಲಿನ ಹಿಡಿಯನ್ನು ಅವನ ಬಾಯಿಗೆ ಕೊಟ್ಟು, ಕಚ್ಚಿಕೋ, ಬಿಡಬೇಡ ಅಂತ ಸನ್ನೆ ಮಾಡಿದ. ಬಾಯಿ ಮುಚ್ಚಿಸಲು ಕೊಟ್ಟದ್ದು. ಕುದುರೆಗೆ ಕಡಿವಾಣ ಹಾಕಿದ ಹಾಗೆ. ನಾನು ಹಿಂದೆ ಕೂತು ದೋಣಿ ನಡೆಸುತ್ತಿದ್ದೆ, ನಗು ತಡೆದುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಅವನ ಕಣ್ಣಲ್ಲಿ ನೀರು ಬಂತು. ಅಪ್ಪನ ಭುಜ ತಟ್ಟಿ, ಒಂದು ಕೈಯನ್ನು ಬಾಣಲೆ ಮಾಡಿ ಇನ್ನೊಂದು ಕೈಯಿಂದ ಅದಕ್ಕೆ ಸಾಸಿವೆ ಹಾಕಿ ತೋರಿಸಿದ. ಅವನಿಗೆ ಯಾರೂ ಸಾಸಿವೆಯ ಸುದ್ದಿ ಹೇಳಿರಲಿಲ್ಲ. ಅಪ್ಪ ತನ್ನ ಹುಟ್ಟುಗೋಲನ್ನು ಅಲ್ಲಾಡುವ ಹಲ್ಲಿನಲ್ಲಿ ಕಚ್ಚಿ ಕೇಳಿದ. ಕೇಳಿ, ತಿರುಗಿ ನನ್ನ ಮುಖ ನೋಡಿದ. ಆ ನೋಟದಲ್ಲಿ ನನಗೆ ಎಲ್ಲ ತಿಳಿಯಿತು. ಹೊರಗಿನ ಗದ್ದಲ ಕೇಳಿಸದ ಮನುಷ್ಯ. ಒಳಗೂ ಗದ್ದಲ ಇಲ್ಲದ ಮನುಷ್ಯ. ಅಂಥವನಿಗೆ ಕಡಲು ಅಡುಗೆಮನೆಯ ಹಾಗೆ ಕೇಳುತ್ತಿತ್ತು.

ಅಪ್ಪನ ಕೊನೆಯ ದವಡೆ ಹಲ್ಲು ಉದುರಿದ ಮೇಲೆ ಅಜ್ಜನ ಹುಟ್ಟುಗೋಲು ಭಾವನ ಕೈಗೆ ಹೋಯಿತು. "ಜಟ್ಟ, ನೀನು ದೋಣಿ ನಡೆಸು, ಭಾವ ಕೇಳ್ಲಿ" ಅಂದ ಅಪ್ಪ, ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ. ಅಷ್ಟೇ ಮಾತು. ನನ್ನ ಜಾಗಕ್ಕೆ, ಅಪ್ಪನ ಗುರುತಿನ ಕೆಳಗಿನ ಆ ನುಣುಪು ಮರಕ್ಕೆ, ಮೆಣಸಿನಕಾಯಿ ಮಾರುವವನ ಹಲ್ಲು ಇಳಿಯಿತು.

ಆಮೇಲೆ ಶುರುವಾಯಿತು ನೋಡಿ. ಅವನ ಹಲ್ಲಿಗೆ ನೋವಾಗಬಾರದು ಅಂತ ಎಳನೀರಿನ ಮೆತ್ತನೆಯ ಗಂಜಿ ಅವನಿಗೆ. ಮುಳ್ಳು ಬಿಡಿಸಿದ ಮೀನು ಅವನಿಗೆ, ಅಕ್ಕನೇ ಕೂತು ಬಿಡಿಸುತ್ತಿದ್ದಳು. ನಾನು ಮುಳ್ಳು ಸಮೇತ ಅಗಿಯುತ್ತಿದ್ದೆ, ಬೇಕೆಂದೇ ಸದ್ದು ಮಾಡಿ. ಮೊದಲು ಅವನಿಗೆ ಕೂಗಿ ಮಾತಾಡುತ್ತಿದ್ದವರು ಈಗ ಹತ್ತಿರ ಬಂದು, ಬಲಗಿವಿಗೆ ಬಾಗಿ, ಮೆತ್ತಗೆ ಆಡತೊಡಗಿದರು. ಅದು ಅವನಿಗೆ ಎಲ್ಲಕ್ಕಿಂತ ಹಿತವಾಗಿತ್ತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಇಡೀ ಕೇರಿಗೆ ಕೇಳುವ ಹಾಗೆ ಹೇಳಿದ: "ಮಾವಾ! ಹುಟ್ಟಿದಾಗಿಂದ ಮಂದಿ ನನ್ನ ಕೂಡ ಒದರೇ ಮಾತಾಡ್ಯಾರ್ರೀ! ಈಗ ಮೆಲ್ಲಕ ಮಾತಾಡ್ತಾರ!"

ದೋಣಿ ಕಟ್ಟುವ ಧಕ್ಕೆಯಲ್ಲಿ ನನ್ನನ್ನು ಕಂಡರೆ ಹೊನ್ನಪ್ಪಣ್ಣನ ಬಲೆಯ ಹುಡುಗರು ಬಿಡುತ್ತಿರಲಿಲ್ಲ. "ಎಂತ ಜಟ್ಟ, ಕಿವುಡನ ಗಾಡಿಗೆ ಎತ್ತಾದ್ಯಾ?" "ಅವಂಗೆ ಇವತ್ತು ಎಂತ ಕೇಳ್ತಡಾ, ಜಲ್ಲಿಯಾ?" ಜಲ್ಲಿ ಅನ್ನುವುದು ನನ್ನ ಅಡ್ಡಹೆಸರೇ ಆಗಿಹೋಗಿತ್ತು. ನಾನು ಹಲ್ಲು ಕಡಿದರೆ ಅವರಿಗೆ ಇನ್ನೂ ಖುಷಿ. "ಕೇಳ್ತನಾ, ಕೇಳ್ತನಾ, ಜಲ್ಲಿ ಬೀಳ್ತಾ ಉಂಟು!"

ನಾನು ದಿನಾ ದೋಣಿ ನಡೆಸಿದೆ. ಎದುರಿಗೆ "ನೀವು", ಮನಸ್ಸಿನಲ್ಲಿ "ನೀನು". ಅವನ ಎದುರಿಗೇ ಕೂರಬೇಕಲ್ಲ, ಹಾಗಾಗಿ ಅವನ ಮುಖವನ್ನೇ ನೋಡುತ್ತಿದ್ದೆ. ನನ್ನಷ್ಟು ಗಮನ ಕೊಟ್ಟು ನನ್ನ ಅಕ್ಕನೂ ಆ ಮುಖ ನೋಡಿರಲಾರಳು. ಏನು ಕೇಳಿದರೆ ಏನಾಗುತ್ತದೆ ಅಂತ ನನಗೆ ಬಾಯಿಪಾಠವಾಯಿತು. ಕೆಸರಾದರೆ ಕಣ್ಣಿನ ರೆಪ್ಪೆ ಜೋಲುತ್ತದೆ. ಮರಳಾದರೆ ತುಟಿಯ ಮೂಲೆ ಒಂಚೂರು ಮೇಲೇಳುತ್ತದೆ. ಬಂಡೆಯಾದರೆ ಬಲಗೆನ್ನೆಯ ಮೇಲೆ ಒಂದು ನರ ಚಟ್ ಚಟ್ ಅಂತ ಹಾರುತ್ತದೆ. ಅವನು ದಡದಲ್ಲಿ ಅಕ್ಕನಿಗೆ ಹೇಳಿ, ಅಕ್ಕ ಚಿಪ್ಪಿಸುಣ್ಣದ ಪುಡಿಯಲ್ಲಿ ಧಕ್ಕೆಯ ಹಾಸಿನ ಮೇಲೆ ಆ ದಿನದ ತಳ ಬರೆಯುವ ಮೊದಲೇ ನನಗೆ ಗೊತ್ತಿರುತ್ತಿತ್ತು. ಮರಳಿಗೆ ಚುಕ್ಕಿ, ಕೆಸರಿಗೆ ಬಳ್ಳಿ, ಬಂಡೆಗೆ ಕತ್ತರಿಗುರುತು. ನಾನು ಮನಸ್ಸಿನಲ್ಲೇ ಬರೆದು ಮುಗಿಸಿರುತ್ತಿದ್ದೆ. ಕದ್ದದ್ದು ಅನ್ನಿ, ನನಗೇನು. ಅವನು ನನ್ನದನ್ನು ಕದ್ದಿದ್ದ.

ಆ ದಿನ ಕಡಲು ಉಬ್ಬಿತ್ತು. ಗಾಳಿ ಇಲ್ಲ, ಆದರೆ ದೂರದಿಂದ ದೊಡ್ಡ ಅಲೆಗಳು ಎದ್ದು ಬರುತ್ತಿದ್ದವು. ರಂಪಣಿಯ ದೋಣಿಗಳೆಲ್ಲ ದಡದಲ್ಲಿ ಸಾಲಾಗಿ ತಯಾರಿದ್ದವು, ಬಲೆ ಹೇರಿ ಆಗಿತ್ತು. ಊರು ಸುಮ್ಮನಿತ್ತು. ಭಾವ ಹುಟ್ಟುಗೋಲು ಇಳಿಸಿ ಕಚ್ಚಿದ. ನಾನು ಮುಖ ನೋಡಿದೆ.

ಏನೂ ಇಲ್ಲ.

ರೆಪ್ಪೆ ಜೋಲಲಿಲ್ಲ, ತುಟಿ ಏಳಲಿಲ್ಲ, ನರ ಹಾರಲಿಲ್ಲ. ಬಲಗೆನ್ನೆ ಬೆಂದ ಗೆಣಸಿನ ಹಾಗೆ ಊದಿತ್ತು. ಎರಡು ದಿನದಿಂದ ಅವನು ಆ ಕಡೆಗೆ ಅಗಿಯುತ್ತಿರಲಿಲ್ಲ ಅಂತ ಆಗ ಹೊಳೆಯಿತು. ಅವನು ಕಣ್ಣು ಮುಚ್ಚಿ, ಹಣೆ ಸುಕ್ಕು ಮಾಡಿ, ಕೇಳುವವನ ಹಾಗೆ ನಟಿಸುತ್ತಿದ್ದ. ಆಮೇಲೆ ಕಣ್ಣು ಬಿಟ್ಟು ಅಂಗೈಯನ್ನು ಗಾಳಿಯಲ್ಲಿ ನುಣ್ಣಗೆ ಸವರಿದ. ಮರಳು. ದೋಣಿ ಮುಂದೆ ಹೋಯಿತು. ಅಲ್ಲೂ ಮರಳು. ಬಲೆ ಎಳೆಯುವ ಜಾಗ ಪೂರ್ತಿ ಮರಳು.

ನನ್ನ ಮೈಯೆಲ್ಲ ಹಗುರವಾಯಿತು. ಸುಳ್ಳು ಯಾಕೆ ಹೇಳಲಿ, ಅಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿರಲಿಲ್ಲ. ಇವನಿಗೂ ಕೇಳುತ್ತಿಲ್ಲ! ಇವನೂ ನನ್ನ ಹಾಗೆ! ದೋಣಿ ನಡೆಸುವ ಹುಟ್ಟು ಕೆಳಗಿಟ್ಟು ಮುಂದೆ ಹೋಗಿ ಅವನ ಬಾಯಿಂದ ಹುಟ್ಟುಗೋಲು ಕಿತ್ತುಕೊಂಡೆ. ಹಿಡಿಯ ಮೇಲೆ ಕೀವು, ರಕ್ತ. ಪಂಚೆಯ ತುದಿಯಿಂದ ಒರೆಸಿ, ಅವನ ಗುರುತಿನ ಕೆಳಗೆ ಕಚ್ಚಿದೆ.

ನನ್ನ ಹಲ್ಲು ಸುಮ್ಮನಿತ್ತು.

ಕಡಿಯಲು ಕಾರಣವೇ ಇರಲಿಲ್ಲ. ಆ ಕ್ಷಣದಲ್ಲಿ ಈ ಲೋಕದಲ್ಲಿ ಯಾರ ಹತ್ತಿರವೂ ನನ್ನ ಹತ್ತಿರ ಇಲ್ಲದ್ದು ಏನೂ ಇರಲಿಲ್ಲ. ಮೊದಲು ಅಲೆಯ ಸದ್ದು ತಲೆಬುರುಡೆಯೊಳಗೆ ಇಳಿಯಿತು, ಇಳಿದು ಹೋಯಿತು, ಆಮೇಲೆ ಕೆಳಗಿನಿಂದ ಇನ್ನೊಂದು ಬಂತು, ಅದೇ ಸದ್ದು, ಆದರೆ ತಣ್ಣಗಿನದು. ನಡುವೆ ಸಂದು ಇರಬೇಕಿತ್ತು. ಇದ್ದದ್ದು ಕೂದಲೆಳೆಯಷ್ಟು. ಅಷ್ಟು ಹತ್ತಿರ. ಮತ್ತೆ ಸುತ್ತಲೂ, ಎಡಕ್ಕೆ, ಬಲಕ್ಕೆ, ದೋಣಿಯ ಕೆಳಗೆ, ಅಮ್ಮ ಇದ್ದ ಕಾಲದ ಒಲೆಯ ಮೇಲಿನ ಹಾಗೆ, ಸಾಸಿವೆ. ಚಟಪಟ ಚಟಪಟ. ಕಡಲಿನ ತುಂಬ ಒಗ್ಗರಣೆ.

ಮುಷ್ಟಿ ಎತ್ತಿ ತೋರಿಸಿದೆ. ಬಂಡೆ.

ಭಾವ ನನ್ನ ಮುಖ ನೋಡಿದ. ತಲೆ ಅಡ್ಡ ಆಡಿಸಿದ. ತನ್ನ ಕೆಳದವಡೆಯನ್ನು ಅತ್ತ ಇತ್ತ ತಿರುವಿ ತೋರಿಸಿದ, ಹಲ್ಲು ಕಡಿಯುವವನ ಹಾಗೆ. ನಿನಗೆ ಕೇಳಿದ್ದು ನಿನ್ನ ಹಲ್ಲು ಅಂತ. ನಾನು ಮತ್ತೆ ಮುಷ್ಟಿ ಎತ್ತಿದೆ. ಅವನ ಕಣ್ಣಲ್ಲಿ ಹೆದರಿಕೆ ಇತ್ತು, ಕಡಲಿನದಲ್ಲ, ನನ್ನದು. ಇವನು ನನ್ನ ಕೈಯಲ್ಲಿ ತಪ್ಪು ತಳ ಹೇಳಿಸಿ, ಊರ ಮುಂದೆ ನನ್ನ ಮರ್ಯಾದೆ ತೆಗೆದು, ಈ ಕೋಲು ಕಿತ್ತುಕೊಳ್ಳುತ್ತಾನೆ ಅಂದುಕೊಂಡ. ಅಂದುಕೊಳ್ಳದೆ ಏನು ಮಾಡುತ್ತಾನೆ? ಬೇರೆ ದಿನ ಆಗಿದ್ದರೆ ನಾನು ಅದನ್ನೇ ಮಾಡುತ್ತಿದ್ದೆ. ಅವನು ಬಗ್ಗಿ ಬಿಳಿ ಬಟ್ಟೆ ತೆಗೆದುಕೊಂಡ.

ಬಟ್ಟೆ ಎದ್ದರೆ ಊರು ಬಾಯಿ ಬಿಡುತ್ತದೆ, ಭಾವ ಮರಳು ಅನ್ನುತ್ತಾನೆ, ದೋಣಿಗಳು ಇಳಿಯುತ್ತವೆ. ದಡಕ್ಕೆ ಹೋಗಿ ನಾನು ಬಂಡೆ ಬಂಡೆ ಅಂತ ಕೂಗಿದರೆ ಜಲ್ಲಿಯ ಮಾತು ಯಾರು ನಂಬುತ್ತಾರೆ? ಆ ಅಲೆ, ಕೂದಲೆಳೆ ಆಳದಲ್ಲಿ ಆ ಬಂಡೆ. ಚಿಕ್ಕಪ್ಪನ ದೋಣಿಯ ಹಲಗೆ ನೆನಪಾಯಿತು. ನನ್ನನ್ನು ಎತ್ತು ಅಂದವರೇ ಆ ದೋಣಿಗಳಲ್ಲಿ ಕೂತಿದ್ದರು. ಅವರು ಮುಳುಗಿದರೆ ನಾನು ಯಾರ ಬಾಯಿಂದ ಬೈಸಿಕೊಳ್ಳಲಿ?

ಹುಟ್ಟುಗೋಲು ತಿರುಗಿಸಿ ಹಿಡಿದು ದೋಣಿಯ ಹೊಟ್ಟೆಗೆ ಬಾರಿಸಿದೆ. ಡಂ. ಮತ್ತೆ ಡಂ. ಡಂ. ಜೊತೆಗೆ ಬಾಯಿ ತೆರೆದು, ಶಾಲೆ ಬಿಟ್ಟಾಗಿನಿಂದ ಒಳಗಿದ್ದದ್ದನ್ನೆಲ್ಲ ಸೇರಿಸಿ ಕೂಗಿದೆ. ಏನು ಕೂಗಿದೆ ಅಂತ ಗೊತ್ತಿಲ್ಲ. ಕೆಳಗೆ ಕಡಲು ನಡುಗಿತು. ಗುಳ್ಳೆಗಳು ಎದ್ದವು, ನೀರು ರಾಡಿಯಾಯಿತು, ದೋಣಿ ತೊಟ್ಟಿಲಿನ ಹಾಗೆ ತೂಗಿತು. ತಳ ಎದ್ದು ಬೇರೆ ಕಡೆ ಹೋಯಿತು. ನನ್ನ ಬಂಡೆಯೂ ಅದರ ಜೊತೆ ಹೋಯಿತು. ಅಲ್ಲಿ ಬಂಡೆ ಇತ್ತು ಅನ್ನಲು ಇನ್ನು ಯಾರ ಹತ್ತಿರವೂ ಏನೂ ಇಲ್ಲ.

ದಡದಲ್ಲಿ ಇಡೀ ಊರು ನಿಂತಿತ್ತು. "ಬಂಡೆ ಇತ್ತು" ಅಂದೆ. "ಜಲ್ಲಿ ಅಲ್ವನಾ?" ಅಂದ ಯಾರೋ. ಯಾರೂ ನಗಲಿಲ್ಲ. ಅಕ್ಕ ಸುಣ್ಣದ ಬಟ್ಟಲು ಹಿಡಿದೇ ಮುಂದೆ ಬಂದಳು. "ನಿನ್ನ ಹೊಟ್ಟೆಕಿಚ್ಚಿಗೆ ಊರಿನ ಒಲೆಯೆಲ್ಲ ಆರಿಸ್ದ್ಯಲ್ಲೋ! ಭಾವನ ಹೆಸರು ಕೆಡಿಸೂಕೆ ಕಡಲು ಕೆಡಿಸ್ದ್ಯಲ್ಲೋ!" ಹೊನ್ನಪ್ಪಣ್ಣ ತೀರ್ಪು ಹೇಳಿದ: ಇನ್ನು ಜಟ್ಟ ಆ ದೋಣಿ ಹತ್ತುವಂತಿಲ್ಲ, ಆ ಹುಟ್ಟುಗೋಲು ಮುಟ್ಟುವಂತಿಲ್ಲ, ಯಾವತ್ತೂ. ಭಾವ ಕೆನ್ನೆಗೆ ಕೈ ಇಟ್ಟುಕೊಂಡು ನೆಲ ನೋಡುತ್ತಿದ್ದ. ಅಪ್ಪ ಮಾತ್ರ ನನ್ನ ದವಡೆಯನ್ನೇ ನೋಡುತ್ತಿದ್ದ. ಅದು ಕಡಿಯುತ್ತಿರಲಿಲ್ಲ.

ಭಾವನ ಬಲದವಡೆಯ ಕೊಳೆತ ಹಲ್ಲನ್ನು ಕಿತ್ತರು. ಊತ ಇಳಿಯಿತು. ಅವನು ಎಡದವಡೆಯಲ್ಲಿ ಕಚ್ಚಲು ಕಲಿತ, ಕಡಲು ಮತ್ತೆ ಕೇಳತೊಡಗಿತು. ಆಮೇಲೊಂದು ಮಧ್ಯಾಹ್ನ ನಾನು ಮನೆಯ ಹಿಂದೆ ಬಲೆಯ ತೂತು ಹೆಣೆಯುತ್ತಿದ್ದಾಗ ಬಂದು ನಿಂತ.

"ಜಟ್ಟಪ್ಪಾ!" ಅಂತ ಶುರುಮಾಡಿದ, ಊರಿಗೆಲ್ಲ ಕೇಳುವ ಹಾಗೆ. "ಅವತ್ತ ನನಗ ಏನೂ ಕೇಳಿ..."

ಎದ್ದು ಅವನ ಬಾಯಿ ಮುಚ್ಚಿದೆ. ಬೇಲಿಯ ಆಚೆ ಹೆಂಗಸರು ತಿರುಗಿ ನೋಡಿದರು. ಅರ್ಧ ಕಿವುಡನ ಜೊತೆ ಗುಟ್ಟು ಆಡುವುದು ಹೇಗೆ? ಗೋಡೆಗೆ ಒಣಗಲು ಇಟ್ಟಿದ್ದ ಹುಟ್ಟುಗೋಲು ಕಂಡಿತು, ನಾನು ಮುಟ್ಟಬಾರದ್ದು. ತೆಗೆದು ಅದರ ಹಿಡಿಯನ್ನು ಅವನ ಬಾಯಿಗೆ ಕೊಟ್ಟೆ, ಅಪ್ಪ ಕೊಟ್ಟ ಹಾಗೆ. ಇನ್ನೊಂದು ತುದಿಗೆ ನಾನು ಹಲ್ಲು ಒತ್ತಿ, ಮರದೊಳಗೆ ಪಿಸುಗುಟ್ಟಿದೆ.

"ಗೊತ್ತು. ನಿಮಗೆ ಕೇಳಿರ್ಲಿಲ್ಲ. ನಂಗೆ ಕೇಳಿತ್ತು."

ಅವನ ಕಣ್ಣು ತುಂಬಿದವು. ಕೈ ಎತ್ತಿ ಊರಿನ ಕಡೆ ತೋರಿಸಿ, ಎದೆ ತಟ್ಟಿಕೊಂಡ. ಹೇಳಿಬಿಡುತ್ತೇನೆ, ಎಲ್ಲರ ಮುಂದೆ.

"ಹೇಳಿದ್ರೆ ಉಳಿದ ಹಲ್ಲೂ ಉದುರಿಸ್ತೆ" ಅಂದೆ. "ನೀವು ಹೇಳಿ, ಊರವರು ಜಟ್ಟ ಒಳ್ಳೆಯವ ಅಂದು, ನಾನು ನಿಮ್ಮಿಂದ ಒಳ್ಳೆಯವ ಆಗೂದು ನಂಗೆ ಬೇಡ. ಹೊಟ್ಟೆಕಿಚ್ಚು ಅಂತ ಅಂದಿದ್ದಾರಲ್ಲ, ಅದು ನಂದೇ. ಅದನ್ನೂ ತಗೊಳ್ಬೇಡಿ."

ಅವನು ಬಹಳ ಹೊತ್ತು ಕೋಲು ಬಿಡಲಿಲ್ಲ. ನಾನೇ ಬಿಡಿಸಿದೆ.

ಈಗ ದೋಣಿಯನ್ನು ಬೇರೆಯವನು ನಡೆಸುತ್ತಾನೆ. ನಾನು ಧಕ್ಕೆಯಲ್ಲಿ ಇರುತ್ತೇನೆ. ಊರು ಸುಮ್ಮನಿರುವಾಗ ಕೆಲವು ದಿನ ಬಗ್ಗಿ, ನೀರಿಗೆ ಇಳಿದ ಕಂಬಕ್ಕೆ ಹಲ್ಲು ಒತ್ತುತ್ತೇನೆ. ದೂರದಲ್ಲಿ ಭಾವ ಕಚ್ಚಿಕೊಂಡು ಕೂತಿರುವುದು ಕಾಣುತ್ತದೆ. ಅವನಿಗೆ ಕೇಳುತ್ತಿದೆ. ಅಷ್ಟು ಸಾಕು, ನನಗೆ ಜಲ್ಲಿ ಶುರುವಾಗುತ್ತದೆ, ಲೋಡುಗಟ್ಟಲೆ. ಅವನಿಗೆ ಕೇಳದೇ ಹೋದ ಆ ಒಂದು ಬೆಳಗ್ಗೆ ಬಿಟ್ಟರೆ ನನಗೆ ಮತ್ತೆ ಯಾವತ್ತೂ ಕಡಲು ಕೇಳಿಲ್ಲ.

ಹುಟ್ಟುಗೋಲು ಮಧ್ಯಾಹ್ನ ಗೋಡೆಗೆ ಒರಗಿರುತ್ತದೆ. ಮೇಲೆ ಅಜ್ಜನ ಗುರುತು, ಕೆಳಗೆ ಅಪ್ಪನದು, ಅದರ ಕೆಳಗೆ ಭಾವನ ಬಲದವಡೆಯದು. ಆಮೇಲೆ ಒಂದೇ ಒಂದು ಸಲ ಕಚ್ಚಿದ ಗುರುತು, ಆಳವಾದದ್ದು, ನನ್ನದು. ಎಡದವಡೆಯಲ್ಲಿ ಕಚ್ಚುವಾಗ ಭಾವ ಆ ಜಾಗಕ್ಕೆ ಹಲ್ಲು ತಾಗಿಸುವುದಿಲ್ಲ. ಅದನ್ನು ಬಿಟ್ಟು, ಇನ್ನೂ ಕೆಳಗೆ, ಕಷ್ಟಪಟ್ಟು ಕುತ್ತಿಗೆ ಬಗ್ಗಿಸಿ ಕಚ್ಚುತ್ತಾನೆ. ಕುತ್ತಿಗೆ ನೋಯುತ್ತದಂತೆ, ಅಕ್ಕ ದಿನಾ ಎಣ್ಣೆ ತಿಕ್ಕುತ್ತಾಳೆ. ಸ್ವಲ್ಪ ಮೇಲೆ ಕಚ್ಚಿದರೆ ಆಗದಾ ಅಂತ ಕೇಳುತ್ತಾಳೆ.

"ಆಗೂದಿಲ್ಲ!" ಅಂತ ಕೂಗುತ್ತಾನೆ. "ಆ ಜಾಗಾ ಖಾಲಿ ಇಲ್ಲ!"

ಕೇರಿಗೆಲ್ಲ ಕೇಳುತ್ತದೆ. ನಾನು ಹಲ್ಲು ಕಡಿಯುತ್ತೇನೆ.